ಸಹಾಯ ಬೇಕು: ತರಬೇತಿ ವಿಡಿಯೋಗಳಿಗೆ ಆಡಿಯೋ ವಿವರಣೆ ಸೇರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಆಫೀಸಿನ ಸುಮಾರು 40 ತರಬೇತಿ ವಿಡಿಯೋಗಳನ್ನು ವೆಬ್‌ಗೆ ಹಾಕುವ ಕೆಲಸ ನನ್ನ ತಲೆಗೆ ಬಂದಿದೆ. ನೋಡುವವರಲ್ಲಿ ಇಬ್ಬರಿಗೆ ಕಿವಿ ಕೇಳಿಸುವುದಿಲ್ಲ, ಒಬ್ಬರಿಗೆ ಕಣ್ಣು ಕಾಣುವುದಿಲ್ಲ.

ಕ್ಯಾಪ್ಶನ್ ಕೆಲಸ ಹೇಗೋ ನಡೆಯುತ್ತಿದೆ. ತಾನಾಗಿ ಬರುವ ಕ್ಯಾಪ್ಶನ್ ತಿದ್ದಿ, ವೆಬ್‌ವಿಟಿಟಿ ಫೈಲ್ (ಕ್ಯಾಪ್ಶನ್ ಸಾಲುಗಳೂ ಅವು ಬರುವ ಸಮಯವೂ ಇರುವ ಫೈಲ್) ಮಾಡಿ, ಎಚ್‌ಟಿಎಂಎಲ್‌ನ ಟ್ರ್ಯಾಕ್ ಟ್ಯಾಗ್‌ಗೆ ಕೊಡುತ್ತಿದ್ದೇನೆ. ತಿದ್ದದೆ ಬಿಟ್ಟರೆ ಮಾತ್ರ ಕಷ್ಟ. ಒಂದು ಕಡೆ ‘ಮಾಡಬೇಡಿ’ ಅಂದದ್ದು ‘ಮಾಡಿ ನೋಡಿ’ ಆಗಿತ್ತು!

ತಲೆ ಕೆಟ್ಟಿರುವುದು ಆಡಿಯೋ ವಿವರಣೆಯಲ್ಲಿ, ಅಂದರೆ ತೆರೆಯ ಮೇಲೆ ಕಾಣುವುದನ್ನು ಕಣ್ಣು ಕಾಣದವರಿಗಾಗಿ ಮಾತಿನಲ್ಲಿ ಹೇಳುವುದರಲ್ಲಿ. ಮಾತನ್ನೂ ದೃಶ್ಯವನ್ನೂ ಬರೆದು ಕೊಟ್ಟರೆ ಡಬ್ಲ್ಯೂಸಿಎಜಿ 2.1ರ (ಅಂಗವಿಕಲರಿಗೂ ವೆಬ್ ಬಳಸಲು ಆಗುವಂತೆ ಮಾಡುವ ಮಾರ್ಗಸೂಚಿ) ಎ ಮಟ್ಟಕ್ಕೆ ಸಾಕು, ಅದಕ್ಕಿಂತ ಮೇಲಿನ ಎಎ ಮಟ್ಟಕ್ಕೆ ಸಾಲದು. ನಮಗೆ ಎಎ ಬೇಕು. ಆದರೆ ನಮ್ಮ ಟ್ರೈನರ್ ‘ಇಲ್ಲಿ ಕ್ಲಿಕ್ ಮಾಡಿ, ಆಮೇಲೆ ಇಲ್ಲಿ’ ಅಂತ ಉಸಿರು ಬಿಡದೆ ಮಾತಾಡುತ್ತಾರೆ. ಮಧ್ಯೆ ವಿವರಣೆ ತೂರಿಸಲು ಜಾಗವೇ ಇಲ್ಲ. ‘ಇಲ್ಲಿ’ ಅಂದರೆ ಎಲ್ಲಿ ಅಂತ ಕಣ್ಣು ಕಾಣದವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಹೊಸ ವಿಡಿಯೋಗಳಲ್ಲಿ ‘ಸೇವ್ ಬಟನ್ ಒತ್ತಿ’ ಅಂತ ಹೆಸರು ಹಿಡಿದು ಹೇಳಿಸುತ್ತೇನೆ. ಹಳೆಯವುಗಳಿಗೆ ಏನು ಮಾಡಲಿ? ದೃಶ್ಯವನ್ನು ಅಲ್ಲಲ್ಲಿ ನಿಲ್ಲಿಸಿ ವಿವರಣೆ ಸೇರಿಸುವುದೋ, ಧ್ವನಿಯನ್ನೇ ಮತ್ತೆ ರೆಕಾರ್ಡ್ ಮಾಡುವುದೋ? ನನಗೇನೋ ಎರಡನೆಯದೇ ಕಡಿಮೆ ಕೆಲಸ ಅನಿಸುತ್ತದೆ. ಮಾಡಿದವರು ಹೇಳಿ.

ಇನ್ನೊಂದು ವಿಷಯ. ನಮ್ಮ ಪ್ಲೇಯರ್‌ನಲ್ಲಿ ಎನ್‌ವಿಡಿಎ (ತೆರೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಎಲ್ಲದಕ್ಕೂ ಸುಮ್ನೆ ‘ಬಟನ್, ಬಟನ್’ ಅನ್ನುತ್ತದೆ. ಟ್ಯಾಬ್ ಒತ್ತಿ ಒಳಗೆ ಹೋದರೆ ಹೊರಗೆ ಬರಲಾಗದು. ಕೀಬೋರ್ಡಿನಲ್ಲೇ ಪೂರ್ತಿ ನಡೆಸಬಹುದಾದ ಉಚಿತ ಪ್ಲೇಯರ್ ಬಳಸಿದವರಿದ್ದರೆ ದಯವಿಟ್ಟು ಹೆಸರು ತಿಳಿಸಿ.