ನಾಲ್ಕೂ ಒಂದನೇ ಸೀಡ್ ಫೈನಲ್ ಫೋರ್‌ನಲ್ಲಿ: ನಿಜಕ್ಕೂ ಬಲವಾದ ತಂಡ ಯಾವುದು?

ಬ್ಯಾಂಕ್‌ಶಾಟ್ (2025 ಮಾರ್ಚ್ 31)

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಫೈನಲ್ ಫೋರ್‌ಗೆ, ಅಂದರೆ ಸೆಮಿಫೈನಲ್‌ಗೆ, ಬಂದ ನಾಲ್ಕು ತಂಡ: ಆಬರ್ನ್, ಡ್ಯೂಕ್, ಹ್ಯೂಸ್ಟನ್, ಫ್ಲಾರಿಡಾ. ಡ್ರಾದ ನಾಲ್ಕು ಭಾಗದಲ್ಲೂ (ರೀಜನ್) ಒಂದನೇ ಸೀಡ್, ಅಂದರೆ ಟೂರ್ನಿಗೆ ಮುಂಚೆ ಬಲದ ಕ್ರಮದಲ್ಲಿ ಮೊದಲ ಸ್ಥಾನ ಪಡೆದ ತಂಡವೇ ಗೆದ್ದು ಸ್ಯಾನ್ ಆಂಟೋನಿಯೋಗೆ ಹೊರಟಿದೆ. ಸೀಡ್ ಕೊಡುವ ಪದ್ಧತಿ ಬಂದ ಮೇಲೆ ಪುರುಷರ ಟೂರ್ನಿಯಲ್ಲಿ ಹೀಗಾಗಿದ್ದು ಇದು ಎರಡನೇ ಸಲ ಅಷ್ಟೇ, ಮೊದಲನೆಯದು 2008ರಲ್ಲಿ. ಎರಡು ವರ್ಷದ ಹಿಂದೆ ಇದೇ ಫೈನಲ್ ಫೋರ್‌ನಲ್ಲಿ ಒಂದನೇ ಸೀಡ್ ಒಂದೂ ಇರಲಿಲ್ಲ. 4, 5, 5, 9ನೇ ಸೀಡ್ ತಂಡಗಳು ಆಡಿದ್ದವು. ಹಾಗಾಗಿ ಈ ಸಲ ಡ್ರಾ ಸುಲಭ ಇತ್ತು ಅಂತಾಗಲೀ, ಅದೃಷ್ಟ ಕೈಹಿಡಿಯಿತು ಅಂತಾಗಲೀ ಯಾರ ಬಗ್ಗೆಯೂ ಹೇಳೋಕಾಗಲ್ಲ.

ನನ್ನ ಪ್ರಕಾರ ಡ್ಯೂಕ್. ಇದುವರೆಗೆ ಗೆದ್ದ ಅಂತರ ನೋಡಿ: 44, 23, 7, 20. ಅರಿಜೋನಾ ಒಂದೇ ಸ್ವಲ್ಪ ಬೆವರು ಹರಿಸಿದ್ದು, ಅಲ್ಲೂ ಕೂಪರ್ ಫ್ಲ್ಯಾಗ್ 30 ಪಾಯಿಂಟ್ ಹೊಡೆದ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಅಲಬಾಮಾ ವಿರುದ್ಧದ ಆಟ. ಗುರುವಾರ ಬಿವೈಯು ಮೇಲೆ ಅಲಬಾಮಾ 25 ತ್ರೀ (ದೂರದಿಂದ ಹಾಕುವ 3 ಪಾಯಿಂಟ್ ಶಾಟ್) ಹಾಕಿತ್ತು, ಅದು ಟೂರ್ನಿ ದಾಖಲೆ. ಮಾರ್ಕ್ ಸಿಯರ್ಸ್ ಒಬ್ಬನೇ 10 ಹಾಕಿದ್ದ. ಶನಿವಾರ ಡ್ಯೂಕ್ ಎದುರು ಅದೇ ಸಿಯರ್ಸ್‌ಗೆ ಸಿಕ್ಕಿದ್ದು 6 ಪಾಯಿಂಟ್. ಯಾಕೆ ಅಂದರೆ ಡ್ಯೂಕ್‌ನಲ್ಲಿ ಕುಳ್ಳನೇ ಇಲ್ಲ. ಎದುರಾಳಿ ಸ್ಕ್ರೀನ್ ಹಾಕಿದರೆ, ಅಂದರೆ ಅಡ್ಡ ನಿಂತು ದಾರಿ ಕಟ್ಟಿದರೆ, ಇವರು ಆಳು ಬದಲಾಯಿಸಿಕೊಳ್ಳುತ್ತಾರೆ ಅಷ್ಟೇ, ಯಾರು ಯಾರ ಮುಂದೆ ಬಂದರೂ ಆರೂವರೆ ಅಡಿ ಆಸುಪಾಸಿನವನು ಕೈ ಎತ್ತಿ ನಿಂತಿರುತ್ತಾನೆ, ಅವನನ್ನು ದಾಟಿ ಒಳಗೆ ಹೋದರೆ 7 ಅಡಿ 2 ಇಂಚಿನ ಮಲುವಾಚ್ ಕಾಯುತ್ತಿರುತ್ತಾನೆ.

ನೀವೇನಂತೀರಿ? ಸುಮ್ನೆ "ನಮ್ಮ ತಂಡ" ಅನ್ನಬೇಡಿ, ಕಾರಣ ಹೇಳಿ.

ಆರನೇ ಆಟಗಾರ

ಗುರು, ಅಂತರ ಅಂತರ ಅಂತೀಯಲ್ಲ, ಸೀಸನ್ ಪೂರ್ತಿ ಯಾರ ಜೊತೆ ಆಡಿ ಬಂದರು ಅಂತ ನೋಡಬೇಡವಾ? ಈ ಸಲ ಡ್ಯೂಕ್ ಇರುವ ಎಸಿಸಿ ಕಾನ್ಫರೆನ್ಸ್‌ನಿಂದ (ಸೀಸನ್‌ನಲ್ಲಿ ತಮ್ಮೊಳಗೇ ಆಡುವ ತಂಡಗಳ ಗುಂಪು) ಟೂರ್ನಿಗೆ ಬಂದಿದ್ದೇ 4 ತಂಡ. ಆಬರ್ನ್, ಫ್ಲಾರಿಡಾ ಇರುವ ಎಸ್‌ಇಸಿಯಿಂದ 14! ಯಾವ ಕಾನ್ಫರೆನ್ಸೂ ಇಷ್ಟು ತಂಡ ಕಳಿಸಿದ್ದಿಲ್ಲ. ಕೊನೆಯ 16ರಲ್ಲಿ 7 ಎಸ್‌ಇಸಿಯವೇ. ಆಬರ್ನ್, ಫ್ಲಾರಿಡಾ ಜನವರಿಯಿಂದ ವಾರಕ್ಕೆ ಎರಡು ಸಲ ಇಂಥ ತಂಡಗಳ ಜೊತೆ ಗುದ್ದಾಡಿಕೊಂಡು ಬಂದಿವೆ. ಡ್ಯೂಕ್ ಅಷ್ಟು ದಿನವೂ 20 ಪಾಯಿಂಟ್ ಮುಂದಿದ್ದು ಕೊನೇ 5 ನಿಮಿಷ ಬೆಂಚಿನವರನ್ನು ಆಡಿಸುತ್ತಿತ್ತು. ಕೊನೇ 2 ನಿಮಿಷ ಸಮಬಲ ಇದ್ದಾಗ ಏನು ಮಾಡುತ್ತಾರೆ ಅಂತ ಅವರಿಗೇ ಗೊತ್ತಿಲ್ಲ. ನವೆಂಬರ್‌ನಲ್ಲಿ ಕೆಂಟಕಿ ಎದುರು 5ರಿಂದ, ಕ್ಯಾನ್ಸಸ್ ಎದುರು 3ರಿಂದ, ಫೆಬ್ರವರಿಯಲ್ಲಿ ಕ್ಲೆಮ್ಸನ್ ಎದುರು 6ರಿಂದ ಸೋತರು. ಸೋತಿದ್ದು ಮೂರೇ ಪಂದ್ಯ, ಮೂರೂ ಕೊನೆಗೆ ಕೈಜಾರಿದ್ದು.

ನನ್ನ ವೋಟು ಆಬರ್ನ್‌ಗೆ. ಸೀಡ್ ಕೊಡುವ ಸಮಿತಿ ಒಟ್ಟಾರೆ ಮೊದಲ ಸ್ಥಾನ ಕೊಟ್ಟಿದ್ದು ಅವರಿಗೇ.

ಕೊನೆ ಗಂಟೆ

ಆಬರ್ನ್ ಬಗ್ಗೆ ಒಂದು ಮಾತು. ಟೂರ್ನಿಗೆ ಬರುವ ಮುಂಚಿನ ನಾಲ್ಕು ಪಂದ್ಯದಲ್ಲಿ ಮೂರು ಸೋತಿದ್ದರು. ಒಟ್ಟಾರೆ ಮೊದಲ ಸ್ಥಾನ ಸಿಕ್ಕಿದ್ದು ಇಡೀ ಸೀಸನ್ ಲೆಕ್ಕ ಹಾಕಿ, ಮಾರ್ಚ್‌ನಲ್ಲಿ ಹೇಗೆ ಆಡುತ್ತಿದ್ದಾರೆ ಅಂತ ನೋಡಿ ಅಲ್ಲ. ಎರಡೂ ಬೇರೆ ಬೇರೆ ಪ್ರಶ್ನೆ.

ಇನ್ನೊಂದು, ಇಂಥ ಚರ್ಚೆಯಲ್ಲಿ ಎಲ್ಲರೂ "ಇವರು ಅವರನ್ನು ಸೋಲಿಸಿದರು, ಅವರು ಇವರನ್ನು ಸೋಲಿಸಿದರು" ಅಂತ ಸರಪಳಿ ಕಟ್ಟುತ್ತಿದ್ದಾರೆ. ಕಟ್ಟಿ ನೋಡೋಣ. ನವೆಂಬರ್‌ನಲ್ಲಿ ಆಬರ್ನ್ ಹ್ಯೂಸ್ಟನ್‌ಗೇ ಹೋಗಿ 74-69 ಗೆದ್ದಿತು. ಡಿಸೆಂಬರ್‌ನಲ್ಲಿ ಡ್ಯೂಕ್ ತನ್ನ ಅಂಗಳದಲ್ಲಿ ಆಬರ್ನ್ ಮೇಲೆ 84-78. ಫೆಬ್ರವರಿಯಲ್ಲಿ ಫ್ಲಾರಿಡಾ ಆಬರ್ನ್ ಊರಿಗೇ ಹೋಗಿ 90-81. ಈ ಸರಪಳಿ ನಂಬಿದರೆ ನಾಲ್ಕರಲ್ಲಿ ಕಡೆಯದು ಹ್ಯೂಸ್ಟನ್. ಆದರೆ ಅದೇ ಹ್ಯೂಸ್ಟನ್ ನವೆಂಬರ್ ಮುಗಿದ ಮೇಲೆ ಸೋತಿದ್ದು ಒಂದೇ ಒಂದು ಪಂದ್ಯ, ಟೆಕ್ಸಸ್ ಟೆಕ್ ಎದುರು, ಅದೂ ಓವರ್‌ಟೈಮ್‌ನಲ್ಲಿ ಒಂದು ಪಾಯಿಂಟ್‌ನಿಂದ. ತನ್ನ ಕಾನ್ಫರೆನ್ಸ್ ಬಿಗ್ 12ನಲ್ಲಿ 19 ಗೆಲುವು, 1 ಸೋಲು. ನವೆಂಬರ್ ತಂಡಕ್ಕೂ ಈಗಿನ ತಂಡಕ್ಕೂ ಹೆಸರು ಒಂದೇ, ಆಟ ಒಂದೇ ಅಲ್ಲ.

ಪರ್ಡ್ಯೂ ವಿರುದ್ಧದ ಕೊನೇ ಆಟ ನೋಡಿದಿರಾ? ಪಂದ್ಯ ಇಂಡಿಯಾನಾಪೊಲಿಸ್‌ನಲ್ಲಿ, ಅಂದರೆ ಪರ್ಡ್ಯೂಗೆ ಹೆಚ್ಚುಕಡಿಮೆ ಮನೆ ಅಂಗಳ. ಸ್ಕೋರ್ 60-60. ಹೂಪ್‌ನ ಹತ್ತಿರವೇ ಬೇಸ್‌ಲೈನ್‌ನಿಂದ ಹ್ಯೂಸ್ಟನ್ ಚೆಂಡು ಒಳಗೆ ಹಾಕಬೇಕು. ಎಲ್ಲರ ಕಣ್ಣೂ ಶೂಟರ್‌ಗಳ ಮೇಲೆ. ಮಿಲೋಸ್ ಉಜಾನ್ ಚೆಂಡನ್ನು ಟಗ್ಲರ್‌ಗೆ ಕೊಟ್ಟು ತಾನೇ ಗೆರೆ ದಾಟಿ ಒಳಗೆ ಬಂದ, ಟಗ್ಲರ್ ನೆಲಕ್ಕೆ ತಟ್ಟಿ ವಾಪಸ್ ಕೊಟ್ಟ, ಹೂಪ್ ಪಕ್ಕದಿಂದಲೇ ಲೇಅಪ್. ಗಡಿಯಾರದಲ್ಲಿ 0.9 ಸೆಕೆಂಡು. ಚೆಂಡು ಒಳಗೆ ಹಾಕಿದವನನ್ನೇ ಯಾರೂ ನೋಡುತ್ತಿರಲಿಲ್ಲ! ಅಷ್ಟು ಒತ್ತಡದಲ್ಲಿ ಅಷ್ಟು ಸಮಾಧಾನವಾಗಿ ಆಡುವುದು ಹಳಬರು ತುಂಬಿದ ತಂಡಕ್ಕೆ ಮಾತ್ರ ಸಾಧ್ಯ. ಎರಡು ದಿನ ಬಿಟ್ಟು ಟೆನ್ನೆಸೀಯನ್ನು ಮೊದಲ ಅರ್ಧದಲ್ಲಿ 15 ಪಾಯಿಂಟ್‌ಗೆ ನಿಲ್ಲಿಸಿದರು. ಎರಡನೇ ಸೀಡ್ ತಂಡಕ್ಕೆ, 20 ನಿಮಿಷದಲ್ಲಿ, 15!

ಬ್ಯಾಂಕ್‌ಶಾಟ್

ಹಳಬರು ಅಂದರೆ ಗೆಲ್ಲುತ್ತಾರೆ ಅನ್ನೋ ವಾದ ನನಗೆ ಒಪ್ಪಿಗೆ ಇಲ್ಲ. 2015ರಲ್ಲಿ ಡ್ಯೂಕ್ ಕಪ್ ಗೆದ್ದಾಗ ಒಕಫೋರ್, ವಿನ್ಸ್‌ಲೋ, ಟೈಯಸ್ ಜೋನ್ಸ್, ಮೂವರೂ ಮೊದಲ ವರ್ಷದ ಹುಡುಗರು. ಈಗ ಫ್ಲ್ಯಾಗ್, ಕ್ನಿಪಲ್, ಮಲುವಾಚ್. ವಯಸ್ಸಿಗಿಂತ ಕೈಯಲ್ಲಿ ಏನಿದೆ ಅನ್ನೋದು ಮುಖ್ಯ. ಕಳೆದ ವರ್ಷ ಇದೇ ಹ್ಯೂಸ್ಟನ್‌ನ ಹಳಬರನ್ನು ಡ್ಯೂಕ್ 54-51 ಮನೆಗೆ ಕಳಿಸಿತ್ತು, ನೆನಪಿದೆ ಅಲ್ವಾ?

ಕೊನೆ ಗಂಟೆ

ನೆನಪಿದೆ. ಮೊದಲ ಅರ್ಧದಲ್ಲೇ ಜಮಾಲ್ ಶೆಡ್ ಕಾಲು ಉಳುಕಿ ಹೊರಗೆ ಹೋಗಿದ್ದೂ ನೆನಪಿದೆ. ಮುಖ್ಯ ಗಾರ್ಡ್ ಇಲ್ಲದೇ 3 ಪಾಯಿಂಟ್‌ನಿಂದ ಸೋತಿದ್ದನ್ನು ಬಲದ ಅಳತೆ ಅಂತ ತಗೊಳ್ಳಬೇಡಿ.

ಮಿಡ್‌ಕೋರ್ಟ್

ಅಂಕಿಅಂಶದ ಕಡೆಯಿಂದ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಗೆದ್ದ ಅಂತರವನ್ನು ಹಾಗೇ ಪಕ್ಕಪಕ್ಕ ಇಟ್ಟು ನೋಡುವುದು ಸರಿಯಲ್ಲ. ಹ್ಯೂಸ್ಟನ್ ತುಂಬ ನಿಧಾನ ಆಡುತ್ತದೆ, ಪಂದ್ಯಕ್ಕೆ 60ರ ಆಸುಪಾಸು ಪೊಸೆಷನ್ (ಚೆಂಡು ಕೈಗೆ ಬಂದು ದಾಳಿ ಮಾಡುವ ಸರದಿ). ಅಲಬಾಮಾ ಥರದ ತಂಡ 75 ಮುಟ್ಟುತ್ತದೆ. ಅವಕಾಶ ಕಡಿಮೆ ಇದ್ದಲ್ಲಿ 19 ಪಾಯಿಂಟ್ ಅಂತರ ಅಂದರೆ ವೇಗದ ಪಂದ್ಯದ 24-25ಕ್ಕೆ ಸಮ. ಅದಕ್ಕೇ ಕೆನ್‌ಪಾಮ್ ರೇಟಿಂಗ್‌ನಲ್ಲಿ 100 ಪೊಸೆಷನ್‌ಗೆ ಎಷ್ಟು ಗಳಿಸಿದರು, ಎಷ್ಟು ಬಿಟ್ಟುಕೊಟ್ಟರು ಅಂತ ಲೆಕ್ಕ ಹಾಕಿ, ಎದುರಾಳಿಯ ಮಟ್ಟಕ್ಕೆ ತಕ್ಕ ಹಾಗೆ ಸರಿಪಡಿಸುತ್ತಾರೆ. ಹಾಗಾಗಿ "ಎಸಿಸಿ ದುರ್ಬಲ" ಅನ್ನೋದು ಆ ಲೆಕ್ಕದೊಳಗೇ ಸೇರಿದೆ. ಸೇರಿಸಿದ ಮೇಲೂ ಡ್ಯೂಕ್ ಮೊದಲು, ಹ್ಯೂಸ್ಟನ್ ಎರಡು, ಫ್ಲಾರಿಡಾ ಮೂರು, ಆಬರ್ನ್ ನಾಲ್ಕು. ಪಟ್ಟಿಯ ಮೊದಲ ನಾಲ್ಕೇ ಉಳಿದಿರುವುದು.

ಆದರೆ ನಿಧಾನದ ಆಟಕ್ಕೆ ಇನ್ನೊಂದು ಮುಖ ಇದೆ. ಪೊಸೆಷನ್ ಕಡಿಮೆ ಆದಷ್ಟೂ ಬಲವಾದ ತಂಡಕ್ಕೆ ತನ್ನ ಬಲ ತೋರಿಸಲು ಅವಕಾಶ ಕಡಿಮೆ, ಎರಡು ತ್ರೀ ಹೆಚ್ಚುಕಡಿಮೆ ಆದರೆ ಪಂದ್ಯವೇ ತಿರುಗುತ್ತದೆ. 2018ರಲ್ಲಿ ವರ್ಜೀನಿಯಾ 16ನೇ ಸೀಡ್ ಯುಎಂಬಿಸಿ ಎದುರು 54-74 ಸೋತಾಗ ಇದೇ ಚರ್ಚೆ ಆಗಿತ್ತು. ಆ ವರ್ಜೀನಿಯಾ ದುರ್ಬಲ ತಂಡ ಆಗಿರಲಿಲ್ಲ, ಮುಂದಿನ ವರ್ಷ ಅದೇ ಕೋಚ್, ಅದೇ ನಿಧಾನದ ಆಟ, ಕಪ್ ಗೆದ್ದರು. ಪರ್ಡ್ಯೂ ಕೂಡ ಹಾಗೇ, 2023ರಲ್ಲಿ 16ನೇ ಸೀಡ್ ಎದುರು ಸೋತು 2024ರಲ್ಲಿ ಫೈನಲ್ ಆಡಿದರು. ಒಂದು ರಾತ್ರಿಯ ಫಲಿತಾಂಶದಿಂದ ತಂಡದ ಬಲ ಅಳೆಯೋಕೆ ಆಗಲ್ಲ. ಟೂರ್ನಿಯಲ್ಲಿ ಇರೋದು ಮಾತ್ರ ಒಂದೊಂದೇ ರಾತ್ರಿ.

ನಾನು ಆರಿಸಿಕೊಳ್ಳುವುದು ಫ್ಲಾರಿಡಾ. ಯಾರೂ ಅವರ ಹೆಸರೇ ಎತ್ತುತ್ತಿಲ್ಲ. ಎರಡು ವರ್ಷ ಸತತ ಕಪ್ ಗೆದ್ದ ಯೂಕಾನ್ ಜೊತೆ 77-75. ಟೆಕ್ಸಸ್ ಟೆಕ್ ಎದುರು 3 ನಿಮಿಷಕ್ಕಿಂತ ಕಡಿಮೆ ಇದ್ದಾಗ 9 ಪಾಯಿಂಟ್ ಹಿಂದೆ, ಆದರೂ 84-79 ಗೆಲುವು. ಎರಡರಲ್ಲೂ ಕೊನೆಗೆ ವಾಲ್ಟರ್ ಕ್ಲೇಟನ್. ಮೈಮೇಲೆ ಆಳಿದ್ದರೂ ಕಾಲು ನೆಲಕ್ಕೆ ಊರುವ ಮುಂಚೆಯೇ ಶಾಟ್ ಬಿಟ್ಟಿರುತ್ತಾನೆ. ಒಳ್ಳೆಯ ಡಿಫೆನ್ಸ್ ಇದ್ದಾಗಲೂ ಪಾಯಿಂಟ್ ತರುವವನು ಒಬ್ಬ ಬೇಕು, ಆ ಲೆಕ್ಕದಲ್ಲಿ ಫ್ಲ್ಯಾಗ್ ಬಿಟ್ಟರೆ ಇವನೇ.

ಆರನೇ ಆಟಗಾರ

ಆಬರ್ನ್‌ನ ಜಾನಿ ಬ್ರೂಮ್‌ನನ್ನು ಬಿಟ್ಟಿರಲ್ಲ! ಮಿಶಿಗನ್ ಸ್ಟೇಟ್ ಎದುರು 25 ಪಾಯಿಂಟ್, 14 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು). ಮಧ್ಯೆ ಬಿದ್ದು ಮೊಣಕೈ ಪೆಟ್ಟು ಮಾಡಿಕೊಂಡು ಒಳಗೆ ಹೋದಾಗ ಕಥೆ ಮುಗಿಯಿತು ಅಂದುಕೊಂಡೆ, ಕೈ ಹಿಡಿದುಕೊಂಡು ವಾಪಸ್ ಬಂದು ತ್ರೀ ಹಾಕಿದ. ಆ ಕೈ ಶನಿವಾರದ ಹೊತ್ತಿಗೆ ಸರಿಹೋಗುತ್ತದಾ ಅನ್ನೋದೇ ನನ್ನ ಚಿಂತೆ. ಅವನು ಪೂರ್ತಿ ಫಿಟ್ ಇದ್ದರೆ ಫ್ಲಾರಿಡಾ ಒಳಗಡೆ ಒದ್ದಾಡುತ್ತದೆ.

ಹಿಂದಿನ ಸಾಲು

ಎಲ್ಲರೂ ಡಿಫೆನ್ಸ್, ಪೊಸೆಷನ್, ಕಾನ್ಫರೆನ್ಸ್ ಅಂತಿದ್ದೀರಿ. ನಾನು ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಉಚಿತ ಶಾಟ್, ಅಂತೀನಿ. ನಾಲ್ಕು ಒಂದನೇ ಸೀಡ್ ಬಂದಿದ್ದ ಹಿಂದಿನ ಸಲ, 2008ರ ಫೈನಲ್ ನೆನಪು ಮಾಡಿಕೊಳ್ಳಿ. ಮೆಂಫಿಸ್ 2 ನಿಮಿಷ ಚಿಲ್ಲರೆ ಇದ್ದಾಗ 9 ಪಾಯಿಂಟ್ ಮುಂದೆ. ಕ್ಯಾನ್ಸಸ್ ಬೇಕಂತಲೇ ಫೌಲ್ ಮಾಡುತ್ತಾ ಹೋಯಿತು, ಮೆಂಫಿಸ್ ಕೊನೇ 75 ಸೆಕೆಂಡಿನಲ್ಲಿ 5 ಫ್ರೀ ಥ್ರೋಗಳಲ್ಲಿ 4 ತಪ್ಪಿಸಿತು, ಕ್ಯಾನ್ಸಸ್‌ನ ಮಾರಿಯೋ ಚಾಲ್ಮರ್ಸ್ 2.1 ಸೆಕೆಂಡ್ ಇದ್ದಾಗ ತ್ರೀ ಹಾಕಿ ಓವರ್‌ಟೈಮ್‌ಗೆ ಒಯ್ದ. 75-68 ಕ್ಯಾನ್ಸಸ್. 38 ನಿಮಿಷ ಬಲವಾದ ತಂಡ ಯಾವುದು ಅಂತ ಕೇಳಿದ್ದರೆ ಯಾರಾದರೂ ಮೆಂಫಿಸ್ ಅಂತಲೇ ಹೇಳುತ್ತಿದ್ದರು.

ಅದರಲ್ಲೂ ಕಾಲೇಜಿನಲ್ಲಿ ಒನ್-ಅಂಡ್-ಒನ್ ಇದೆ. ಒಂದು ಅರ್ಧದಲ್ಲಿ ಎದುರಾಳಿಯ ಏಳರಿಂದ ಒಂಬತ್ತನೇ ಫೌಲ್‌ವರೆಗೆ ಮೊದಲ ಫ್ರೀ ಥ್ರೋ ಬಿದ್ದರೆ ಮಾತ್ರ ಎರಡನೆಯದು. ಮೊದಲನೆಯದೇ ತಪ್ಪಿದರೆ ಕೈಗೆ ಏನೂ ಇಲ್ಲ, ಚೆಂಡೂ ಹೋಗಬಹುದು. ಮುಂದಿರುವ ತಂಡಕ್ಕೆ ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ.

ಕೊನೆ ಗಂಟೆ (ಏಪ್ರಿಲ್ 6)

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಹ್ಯೂಸ್ಟನ್ 70, ಡ್ಯೂಕ್ 67. ಎರಡನೇ ಅರ್ಧದಲ್ಲಿ 14 ಹಿಂದೆ ಇದ್ದ ತಂಡ!

ಕೊನೇ ಅರ್ಧ ನಿಮಿಷ ಮತ್ತೆ ಮತ್ತೆ ನೋಡುತ್ತಿದ್ದೇನೆ. ಡ್ಯೂಕ್ 6 ಮುಂದೆ. ಹ್ಯೂಸ್ಟನ್‌ನ ಶಾರ್ಪ್ ತ್ರೀ. ಡ್ಯೂಕ್ ಚೆಂಡು ಒಳಗೆ ಹಾಕುವಾಗ ಮೈಲಿಕ್ ವಿಲ್ಸನ್ ಕಿತ್ತುಕೊಂಡ, ಅವನ ತ್ರೀ ಬೀಳಲಿಲ್ಲ, ಟಗ್ಲರ್ ಮೇಲಿಂದ ಹಿಡಿದು ಡಂಕ್. 67-66. ಆಮೇಲೆ "ಹಿಂದಿನ ಸಾಲು" ಹೇಳಿದ್ದೇ ಆಯಿತು: ಡ್ಯೂಕ್‌ನ ಪ್ರಾಕ್ಟರ್‌ಗೆ ಒನ್-ಅಂಡ್-ಒನ್, ಮೊದಲನೆಯದೇ ತಪ್ಪಿತು, ರೀಬೌಂಡ್‌ನಲ್ಲಿ ಫೌಲ್ ಮಾಡಿದ್ದು ಫ್ಲ್ಯಾಗ್ ಅಂತ ಅಂಪೈರ್ ಕೊಟ್ಟರು. ಹ್ಯೂಸ್ಟನ್‌ನ ಜೇವಾನ್ ರಾಬರ್ಟ್ಸ್ ಫ್ರೀ ಥ್ರೋನಲ್ಲಿ ಅಷ್ಟೇನೂ ಹೆಸರಾದವನಲ್ಲ, ಎರಡೂ ಹಾಕಿದ. ಫ್ಲ್ಯಾಗ್‌ನ ಕೊನೇ ಶಾಟ್ ಸ್ವಲ್ಪ ಮೊಟಕಾಯಿತು. ಕ್ರಾಯರ್ ಇನ್ನೆರಡು. ಹ್ಯೂಸ್ಟನ್ ಸತತ 9 ಪಾಯಿಂಟ್.

ಬ್ಯಾಂಕ್‌ಶಾಟ್

ಅಭಿನಂದನೆ, ಮನಸಾರೆ ಹೇಳುತ್ತಿದ್ದೇನೆ. ಆದರೂ 39 ನಿಮಿಷ ಉತ್ತಮವಾಗಿ ಆಡಿದ ತಂಡ ಡ್ಯೂಕ್ ಅಂತಲೇ ನನ್ನ ಅಭಿಪ್ರಾಯ. ಫ್ಲ್ಯಾಗ್ 27 ಹೊಡೆದ. ಇವರಿಬ್ಬರನ್ನು ಹತ್ತು ಸಲ ಆಡಿಸಿದರೆ ಆರು ಸಲ ಡ್ಯೂಕ್ ಗೆಲ್ಲುತ್ತದೆ.

ಕೊನೆ ಗಂಟೆ

ಅದು ಒಪ್ಪಲ್ಲ. ಎದುರಾಳಿಯನ್ನು ಕೊನೇ ನಿಮಿಷದಲ್ಲಿ ತಡಬಡಾಯಿಸುವಂತೆ ಮಾಡುವುದೂ ಬಲವೇ. ಆ ಇನ್‌ಬೌಂಡ್ ಪಾಸ್ ತಾನಾಗಿ ಕೆಡಲಿಲ್ಲ. 38 ನಿಮಿಷ ಮೈಮೇಲೆ ಬಿದ್ದು ಆಡಿದ್ದರಿಂದ ಕೆಟ್ಟಿತು.

ಮಿಡ್‌ಕೋರ್ಟ್

ಆ ಕಡೆ ಫ್ಲಾರಿಡಾ ಆಬರ್ನ್ ಮೇಲೆ 79-73, ಮೊದಲ ಅರ್ಧಕ್ಕೆ 8 ಹಿಂದೆ ಇದ್ದು. ಕ್ಲೇಟನ್ 34. "ಆರನೇ ಆಟಗಾರ" ಅವರೇ, ಬ್ರೂಮ್ ಎರಡನೇ ಅರ್ಧದಲ್ಲಿ ಮಂಕಾಗಿದ್ದು ನೋಡಿ ನಿಮ್ಮ ಬಗ್ಗೆಯೂ ಬೇಜಾರಾಯಿತು.

ಈಗ ಸೋಮವಾರದ ಫೈನಲ್. ಸ್ಕ್ರೀನ್ ಹಾಕಿದ ತಕ್ಷಣ ಹ್ಯೂಸ್ಟನ್ ಚೆಂಡು ಹಿಡಿದವನ ಮೇಲೆ ಇಬ್ಬರನ್ನು ಬಿಡುತ್ತದೆ, ಕ್ಲೇಟನ್‌ಗೂ ಅದೇ ಮಾಡುತ್ತಾರೆ. ಹಾಗೆ ಮಾಡಿದರೆ ಅವನು ಶಾಟ್ ಬಿಡುವುದಿರಲಿ, ಸರಿಯಾಗಿ ನೋಡುವುದೂ ಕಷ್ಟ. ಆದರೆ ಇಬ್ಬರು ಹೊರಗೆ ಹೋದರೆ ಒಳಗೆ ಮೂವರು ನಾಲ್ವರನ್ನು ಕಾಯಬೇಕು, ಫ್ಲಾರಿಡಾದ ಕಾಂಡನ್, ಹಾವ್, ಚಿನ್ಯೆಲು ಎಲ್ಲ ರೀಬೌಂಡ್‌ಗೆ ಕಾದು ಕುಳಿತವರು. ಹ್ಯೂಸ್ಟನ್ ಕೋಚ್ ಸ್ಯಾಂಪ್ಸನ್ 40 ನಿಮಿಷವೂ ಇಬ್ಬರನ್ನು ಕಳಿಸುತ್ತಾರಾ, ಅಥವಾ ಮೊದಲು ಒಬ್ಬನನ್ನೇ ಬಿಟ್ಟು ನೋಡುತ್ತಾರಾ? "ಕೊನೆ ಗಂಟೆ", ನೀವು ಹ್ಯೂಸ್ಟನ್ ಪಂದ್ಯ ಒಂದೂ ಬಿಡದೆ ನೋಡುವವರು, ನೀವೇ ಹೇಳಿ.