ಹಳೆಯ ದವಡೆಯಲ್ಲಿ ಕಾಣದ ಬುದ್ಧಿಹಲ್ಲು

ವಿದ್ಯಾರ್ಥಿನಿ, ಬಾಗಲಕೋಟೆ:
ಉತ್ಖನನದಲ್ಲಿ ದೊರೆತ ಕೆಳದವಡೆಯೊಂದರಲ್ಲಿ ಬುದ್ಧಿಹಲ್ಲು ಕಾಣುತ್ತಿಲ್ಲ. ಅದು ಹುಟ್ಟಲೇ ಇಲ್ಲವೋ, ಎಲುಬಿನೊಳಗೆ ಸಿಕ್ಕಿಕೊಂಡಿದೆಯೋ, ಬದುಕಿದ್ದಾಗಲೇ ಉದುರಿತೋ ಎಂಬುದನ್ನು ದವಡೆಗೆ ಧಕ್ಕೆಯಾಗದಂತೆ ತಿಳಿಯಲು ಸಾದಾ ಎಕ್ಸ್-ರೇ ಸಾಕೇ, ಸರ್?

ದಂತವೈದ್ಯ, ಬೆಳಗಾವಿ:
ಸಿಕ್ಕಿಕೊಂಡ ಹಲ್ಲು ಅದರಲ್ಲಿಯೂ ಕಾಣುತ್ತದೆ. ಆದರೆ ಬೇರುಗಳ ನೆರಳು ಒಂದರ ಮೇಲೊಂದು ಬೀಳುವುದರಿಂದ ಅವುಗಳ ಸಂಖ್ಯೆ, ತಿರುವುಗಳನ್ನು ಹೇಳುವುದು ಕಷ್ಟ. ದಂತ ಚಿಕಿತ್ಸೆಯಲ್ಲಿ ಬಳಸುವ ಕೋನ್ ಬೀಮ್ ಸಿ.ಟಿ. (ಶಂಕುವಿನಾಕಾರದ ಎಕ್ಸ್ ಕಿರಣಗಳ ಸ್ಕ್ಯಾನ್) ಇವನ್ನು ಮೂರು ಆಯಾಮಗಳಲ್ಲಿ ತೋರಿಸುತ್ತದೆ. ಉದುರಿ ಬಹುಕಾಲವಾಗಿದ್ದರೆ ಗೂಡು ಎಲುಬಿನಿಂದ ತುಂಬಿಹೋಗಿರುತ್ತದೆ, ಆದ್ದರಿಂದ ‘ಹುಟ್ಟಲೇ ಇಲ್ಲ’ ಎಂದು ಅವಸರದಲ್ಲಿ ಬರೆಯಬೇಡಿ. ಎರಡನೆಯ ದವಡೆಹಲ್ಲಿನ ಹಿಂಬದಿಯಲ್ಲಿ ಉಜ್ಜಿದ ಗುರುತಿದ್ದರೆ ಅಲ್ಲೊಂದು ಹಲ್ಲು ಇತ್ತೆಂದೇ ಅರ್ಥ. ಇದಕ್ಕೆ ಯಂತ್ರವೂ ಬೇಡ, ಭೂತಗನ್ನಡಿ ಸಾಕು.

ಸಂಶೋಧಕ, ವಿಜಯಪುರ:
ಇಎಸ್ಆರ್ (ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್, ಅಂದರೆ ಹಲ್ಲಿನಲ್ಲಿ ಕಾಲಾಂತರದಲ್ಲಿ ಸಂಚಿತವಾದ ವಿಕಿರಣವನ್ನು ಅಳೆದು ವಯಸ್ಸು ಹೇಳುವ ವಿಧಾನ) ಕಾಲನಿರ್ಣಯದ ಯೋಚನೆಯಿದ್ದರೆ ಮಾದರಿಯನ್ನು ಸ್ಕ್ಯಾನಿಗೆ ಮೊದಲೇ ತೆಗೆದಿಡಿ, ಏಕೆಂದರೆ ಎಕ್ಸ್ ಕಿರಣಗಳು ದಂತಕವಚದಲ್ಲಿ ಸಂಚಿತವಾದ ವಿಕಿರಣದ ಲೆಕ್ಕವನ್ನು ಕೆಡಿಸುತ್ತವೆ.