‘ಮೆಮೊರಿ ಬ್ಯಾರಿಯರ್’ಗೆ ‘ತಡೆ’ ಅಂದರೆ ಸರಿಯಾ?

ನಮಸ್ಕಾರ. ಮಣಿಪಾಲದ ಕೆಲವು ಹುಡುಗರಿಗಾಗಿ ಲಿನಕ್ಸ್ ಕರ್ನೆಲ್ (ಆ ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದ ಕಾಡುತ್ತಿವೆ: ಅಟಾಮಿಕ್, ಬ್ಯಾರಿಯರ್.

ಅಟಾಮಿಕ್‌ಗೆ ಮೊದಲು ‘ಪರಮಾಣು’ ಅಂತ ಬರೆದೆ. ‘ಇದೇನು ಸರ್, ಕೈಗಾದ ಕೆಲಸವಾ?’ ಅಂದ ಒಬ್ಬ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಕತ್ತರಿಸಲು ಬಾರದ್ದು. ಕಣಾದರ ಪರಮಾಣುವೂ ಹಾಗೇ, ಒಡೆಯಲಾಗದ್ದು. ಆದರೆ ಈಗ ಆ ಅರ್ಥ ಯಾರಿಗೆ ಹೊಳೆಯುತ್ತದೆ? ವಿಷಯ ಇಷ್ಟೇ. ಮೆಮೊರಿಯಲ್ಲಿ ಒಂದು ಕಡೆ 0 ಇದೆ. ಒಂದು ಸಿಪಿಯು 3ನೇ ಬಿಟ್ ಹಚ್ಚಬೇಕು (ಅಂದರೆ 1 ಮಾಡಬೇಕು, ಎಣಿಕೆ ಸೊನ್ನೆಯಿಂದ), ಇನ್ನೊಂದು 5ನೆಯದನ್ನು. ಎರಡೂ ಒಟ್ಟಿಗೇ 0 ಓದುತ್ತವೆ. ಒಂದು 8 ಬರೆಯಿತು, ಇನ್ನೊಂದು ಅದರ ಮೇಲೆಯೇ 32 ಬರೆಯಿತು. 40 ಆಗಬೇಕಿತ್ತು, 8 ಮಾಯ. ಓದುವುದು, ಬದಲಿಸುವುದು, ಬರೆಯುವುದು ಮೂರೂ ಒಂದೇ ಏಟಿಗೆ ಆಗಬೇಕು. ಅದಕ್ಕೇ ‘ಒಂದೇಟಿನ’ ಅಂತ ಇಟ್ಟಿದ್ದೇನೆ. ‘ಅಖಂಡ’ ಕೂಡ ಆದೀತು, ಆದರೆ ನನಗೆ ಸುಮ್ನೆ ಅಖಂಡ ಭಜನೆ ನೆನಪಾಗುತ್ತದೆ.

ಜಾಸ್ತಿ ತಲೆನೋವು ಬ್ಯಾರಿಯರ್‌ನದ್ದು. ವೇಗಕ್ಕಾಗಿ ಸಿಪಿಯು ಮೆಮೊರಿಯ ಓದು, ಬರಹಗಳ ಸಾಲನ್ನು ಹಿಂದುಮುಂದು ಮಾಡುವುದುಂಟು. ಅದು ಒಂದು ಹಂತ ದಾಟದಂತೆ ನೋಡಿಕೊಳ್ಳುವ ಸೂಚನೆಯೇ ಬ್ಯಾರಿಯರ್. ‘ತಡೆ’ ಅಂತ ಬರೆದರೆ ಹುಡುಗಿಯೊಬ್ಬಳು, ‘ಪ್ರೋಗ್ರಾಂ ಅಲ್ಲಿಗೇ ನಿಂತುಬಿಡುತ್ತದಾ?’ ಅಂದಳು. ತಪ್ಪು ಅವಳದ್ದಲ್ಲ. ತಡೆ ಅಂದರೆ ನಮಗೆ ರಸ್ತೆ ತಡೆ. ತೋಟದ ಬಾಗಿಲ ತಡಮೆಯೂ ದನ ಒಳಗೆ ಬಾರದಿರಲಿ ಅಂತಲೇ ಇರುವುದು.

ಇಲ್ಲಿ ಯಾರನ್ನೂ ಹೊರಗೆ ನಿಲ್ಲಿಸುವ ಮಾತಿಲ್ಲ. ಮೊನ್ನೆ ಕಟಪಾಡಿಯಲ್ಲಿ ಮದುವೆ ಊಟಕ್ಕೆ ಕಾಯುತ್ತಾ ನಿಂತಿದ್ದಾಗ ಹೊಳೆಯಿತು. ಒಂದನೇ ಪಂಕ್ತಿಯಲ್ಲಿ ಒಬ್ಬರು ಇನ್ನೂ ಸಾರಿನಲ್ಲಿದ್ದಾರೆ, ಪಕ್ಕದವರು ಪಾಯಸ ಮುಗಿಸಿ ಕೂತಿದ್ದಾರೆ. ಯಾರು ಮೊದಲು ಯಾರು ಆಮೇಲೆ ಅಂತ ಕೇಳುವವರಿಲ್ಲ. ಆದರೆ ಎಲ್ಲರೂ ಎದ್ದು, ಎಂಜಲೆಲೆ ತೆಗೆದು, ನೆಲ ಒರೆಸುವವರೆಗೆ ಎರಡನೇ ಪಂಕ್ತಿಯ ಒಬ್ಬರೂ ಕೂರುವಂತಿಲ್ಲ. ಪೂರ್ತಿ ಬ್ಯಾರಿಯರ್ ಮಾಡುವುದು ಇದನ್ನೇ. ಗೆರೆಯ ಆಚೆ ಈಚೆ ಸಾಲು ಏರುಪೇರಾಗಲಿ, ಗೆರೆ ದಾಟುವಂತಿಲ್ಲ. ಹಾಗಾಗಿ ‘ಸರದಿಗೆರೆ’ ಅಂದರೆ ಹೇಗೆ?

ಎರಡಕ್ಕೂ ಒಂದೇ ಪದ, ‘ಸುರಕ್ಷಿತ’ ಅಂತ ಹಾಕಿ ಬಿಡಿ ಅಂದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಲಿನಕ್ಸ್‌ನ ಬಿಟ್ ಹಚ್ಚುವ ‘ಸೆಟ್_ಬಿಟ್’ ಒಂದೇಟಿನದ್ದು ಹೌದು, ಆದರೆ ಸರದಿಯ ಖಾತರಿ ಕೊಡುವುದಿಲ್ಲ. ಬೇಕಿದ್ದರೆ ಗೆರೆಯನ್ನು ನಾವೇ ಹಾಕಬೇಕು. ಬಿಟ್‌ನ ಹಳೆಯ ಬೆಲೆಯನ್ನು (0 ಅಥವಾ 1) ತಿರುಗಿ ಕೊಡುವ ‘ಟೆಸ್ಟ್_ಆ್ಯಂಡ್_ಸೆಟ್_ಬಿಟ್’ ಮಾತ್ರ ಎರಡೂ ಕಡೆ ಗೆರೆ ಹಾಕಿಕೊಂಡೇ ಬರುತ್ತದೆ. ಇಂಟೆಲ್, ಎಎಂಡಿ ಮಾದರಿಯ ಎಕ್ಸ್86 ಯಂತ್ರದಲ್ಲಿ ಒಂದೇಟಿನ ಸೂಚನೆಯೇ ಗೆರೆಯ ಕೆಲಸವನ್ನೂ ಮಾಡಿಬಿಡುವುದರಿಂದ ಗೆರೆ ಹಾಕಲು ಮರೆತ ತಪ್ಪು ಅಡಗಿರುತ್ತದೆ. ಅದೇ ಕೋಡ್ ಮೊಬೈಲುಗಳಲ್ಲಿ ಬಳಸುವ ಆರ್ಮ್‌ಗೆ ಹೋದಾಗ ಬಣ್ಣ ಬಯಲು. ಪದ ಒಂದೇ ಆದರೆ ಈ ವ್ಯತ್ಯಾಸ ವಿವರಿಸುವುದು ಹೇಗೆ, ಅಲ್ವಾ?

ಕುಂದಾಪುರ, ಪುತ್ತೂರು ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ನಡುವಿನ ಆ ಹೊತ್ತಿಗೆ ನಿಮ್ಮಲ್ಲಿ ಬೇರೆ ಹೆಸರೇನಾದರೂ ಇದೆಯಾ?